ಇಲ್ಲದ ಸರ್ಕಾರದ ಸರ್ಟಿಫಿಕೇಟು

ಬಹರೇನ್ ಬಿಟ್ಟು ನಾಲ್ಕು ವರ್ಷವಾದ ಮೇಲೆ, 2018ರ ಡಿಸೆಂಬರಿನಲ್ಲಿ, ಹೆಂಡತಿಯ ಅಣ್ಣನ ಮಗಳ ಮದುವೆಗೆಂದು ಮತ್ತೆ ಅಲ್ಲಿಗೆ ಹೋಗಿದ್ದೆ. ಭಾವನದು ಸೆಗಯಾದಲ್ಲಿ ಒಂದು ಟೈಲರ್ ಅಂಗಡಿ. ಒಂದು ಬೆಳಿಗ್ಗೆ ಹೊಸ ದರಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ‘ಇದನ್ನೊಂದು ಲ್ಯಾಮಿನೇಷನ್ ಮಾಡಿಸ್ಕೊಂಡು ಬನ್ನಿ ಮಾರಾಯ್ರೆ, ಇಲ್ಲೇ ಬದಿಯಲ್ಲಿ ಉಂಟು’ ಎಂದರು. ಆ ಅಂಗಡಿ ನನಗೆ ಗೊತ್ತಿದ್ದದ್ದೇ. ಮೊದಲು ಉಳ್ಳಾಲದ ಹಮೀದ್ ನಡೆಸುತ್ತಿದ್ದರು, ಈಗ ಬಾಂಗ್ಲಾದೇಶದ ಯಾರೋ ಇದ್ದರು. ಹಾಳೆ ಯಂತ್ರದೊಳಗೆ ಹೋಗಿ ಪ್ಲಾಸ್ಟಿಕ್ ಬಿಸಿಯಾದ ವಾಸನೆ ಮೂಗಿಗೆ ಬಡಿಯಿತು. ದುಡ್ಡು ಕೊಟ್ಟು, ಹಾಳೆ ಆರುವವರೆಗೆ ಹೊರಗೆ ಬಂದು ನಿಂತೆ.

2010ರ ಬೇಸಿಗೆ ನೆನಪಾಗಿತ್ತು. ಆ ಬೇಸಿಗೆಯನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೆಂಡತಿಗೂ ಅರ್ಧವೇ ಗೊತ್ತು.

ಆಗ ನಾನು ಮಾಹೂಝಿನ ಒಂದು ಖಾಸಗಿ ಶಾಲೆಯಲ್ಲಿ ಅಡ್ಮಿನ್ ಆಫೀಸರ್. ಹೆಸರು ದೊಡ್ಡದು, ಕೆಲಸ ಕಾಗದದ್ದು. ಶಿಕ್ಷಕರ ವೀಸಾ, ಗುರುತಿನ ಚೀಟಿ, ರಜೆ, ವಿಮಾನದ ಟಿಕೆಟು, ಎಲ್ಲ ನನ್ನ ಮೇಜಿನ ಮೇಲೆ ಹಾದುಹೋಗಬೇಕು. ನನ್ನ ಬೆನ್ನ ಹಿಂದೆ ಒಂದು ಉಕ್ಕಿನ ಬೀರು. ಅದರಲ್ಲಿ ಎಲ್ಲರ ಪಾಸ್‌ಪೋರ್ಟುಗಳು. ಹಾಗೆ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ‘ಸುರಕ್ಷತೆಗಾಗಿ’ ಎಂದು ಬರೆದ ಒಂದು ಫಾರಂಗೆ ಎಲ್ಲರೂ ಸಹಿ ಹಾಕಿದ್ದರು. ಬೀಗದ ಕೈ ನನ್ನ ಹತ್ತಿರ.

ಪುಲೆಂಗ್ ಅದೇ ಶಾಲೆಯ ಗಣಿತ ಶಿಕ್ಷಕಿ. ದಕ್ಷಿಣ ಆಫ್ರಿಕಾದವರು, ವಯಸ್ಸು ನಲವತ್ತಾರು. ಎತ್ತರದ ಹೆಂಗಸು, ತೀರ ಗಿಡ್ಡಗೆ ಕತ್ತರಿಸಿದ ಕೂದಲಲ್ಲಿ ನರೆ, ಏಸಿಯ ತಂಪಿಗೆ ಸದಾ ಒಂದು ಕಂದು ಸ್ವೆಟರ್. ಒಂಬತ್ತು ವರ್ಷದಿಂದ ಆ ಶಾಲೆಯಲ್ಲಿದ್ದರು, ನನಗಿಂತಲೂ ಹಳಬರು. ನನ್ನ ಮಗಳು ಶ್ರಾವ್ಯ ಐದನೆಯ ಕ್ಲಾಸಿನಲ್ಲಿ ಅವರ ಕೈಗೆ ಬಂದಿದ್ದಳು. ಭಿನ್ನರಾಶಿ ಎಂದರೆ ಜ್ವರ ಬರಿಸಿಕೊಳ್ಳುತ್ತಿದ್ದ ಹುಡುಗಿ. ಪುಲೆಂಗ್ ಒಂದು ದಿನ ಕ್ಲಾಸಿಗೆ ಖುಬೂಸ್ ರೊಟ್ಟಿಯ ಕಟ್ಟು ತಂದು, ಮಕ್ಕಳ ಕೈಯಲ್ಲೇ ಹರಿಸಿ, ಎಂಟರಲ್ಲಿ ಮೂರು ಎಂದರೇನು, ನಾಲ್ಕರಲ್ಲಿ ಒಂದು ಎಂದರೇನು ಎಂದು ತಿನ್ನಿಸಿಯೇ ಕಲಿಸಿದರು. ಅವತ್ತು ಸಂಜೆ ಶ್ರಾವ್ಯ ನಮ್ಮ ದೋಸೆಯನ್ನೂ ಹಾಗೇ ಹರಿದು ಅಮ್ಮನಿಗೆ ಲೆಕ್ಕ ಹೇಳಿದಳು.

ಆ ವರ್ಷ ಶಾಲೆ ಯಾವುದೋ ವಿದೇಶಿ ಮಾನ್ಯತೆಗೆ ಅರ್ಜಿ ಹಾಕಿತ್ತು. ಅದಕ್ಕಾಗಿ ಎಲ್ಲ ಶಿಕ್ಷಕರ ಸರ್ಟಿಫಿಕೇಟುಗಳನ್ನೂ ಒಂದು ಖಾಸಗಿ ಕಂಪನಿಯಿಂದ ಪರಿಶೀಲನೆ ಮಾಡಿಸಬೇಕಿತ್ತು. ಕಂಪನಿ ಶಿಕ್ಷಕರ ಜೊತೆ ನೇರ ಮಾತಾಡುವುದಿಲ್ಲ, ಕಾಗದವೆಲ್ಲ ಶಾಲೆಯಿಂದಲೇ, ಅಂದರೆ ನನ್ನಿಂದಲೇ ಹೋಗಬೇಕು. ಎಪ್ರಿಲ್ ತಿಂಗಳು. ಆಕಾಶ ಧೂಳಿನಿಂದ ಹಳದಿಯಾಗಿ, ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟರೆ ಗೆರೆ ಮೂಡುವ ದಿನಗಳು. ಪುಲೆಂಗ್ ತಮ್ಮ ಸರ್ಟಿಫಿಕೇಟನ್ನು ಟವೆಲಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು.

ಅದು ಲ್ಯಾಮಿನೇಟ್ ಆಗಿತ್ತು. ಲ್ಯಾಮಿನೇಟ್ ಆದ ಕಾಗದಕ್ಕೆ ಯಾರೂ ಮೊಹರು ಒತ್ತುವುದಿಲ್ಲ. ಅದನ್ನು ಹೇಳಿದೆ.

‘ನಮ್ಮಮ್ಮ ಮಾಡಿಸಿದ್ದು’ ಎಂದರು. ‘ಮನೆಯ ತಗಡು ಸೋರುತ್ತಿತ್ತು.’

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ. ನೆನಪಿನಲ್ಲಿ ಮಾತ್ರ ಅವರ ಮಾತು ನನಗೆ ನನ್ನ ಭಾಷೆಯಲ್ಲೇ ಕೇಳಿಸುತ್ತದೆ.

ಕಂಪ್ಯೂಟರಿನಲ್ಲಿ ಕಂಪನಿಯ ಅರ್ಜಿ ತೆರೆದೆ. ಸರ್ಟಿಫಿಕೇಟು ಕೊಟ್ಟ ದೇಶ ಯಾವುದು ಎಂದು ಪಟ್ಟಿಯಿಂದ ಆರಿಸಬೇಕು. ಸರ್ಟಿಫಿಕೇಟಿನ ನೆತ್ತಿಯ ಮೇಲೆ ‘ಕ್ವಾಕ್ವಾ ಸರ್ಕಾರ, ಶಿಕ್ಷಣ ಇಲಾಖೆ’ ಎಂದಿತ್ತು. ಇಂಗ್ಲಿಷಿನ ಕ್ಯೂ ಅಕ್ಷರಕ್ಕೆ ಹೋದೆ. ಅಲ್ಲಿ ಕತಾರ್ ಒಂದೇ ಇತ್ತು.

‘ಇದು ಯಾವ ದೇಶ?’ ಎಂದು ಕೇಳಿದೆ.

‘ದೇಶವಲ್ಲ’ ಎಂದರು ಪುಲೆಂಗ್. ‘ದೇಶ ಅಂತ ನಮಗೆ ಹೇಳಿದ್ದರು.’

ಮೊದಲು ಲ್ಯಾಮಿನೇಷನ್ ತೆಗೆಸಬೇಕಿತ್ತು. ಅವರನ್ನು ಹಮೀದರ ಅಂಗಡಿಗೆ ಕರೆದುಕೊಂಡು ಹೋದೆ. ಹಮೀದ್ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಸಾರ್, ತೆಗೀಲಿಕ್ಕೆ ಆಗ್ತದೆ. ಆದ್ರೆ ಗ್ಯಾರಂಟಿ ನಾನು ಕೊಡುದಿಲ್ಲ. ಈ ಮೇಡಮ್ಮಿಗೆ ಮೊದ್ಲೇ ಹೇಳಿ’ ಎಂದರು. ನಾನು ಹೇಳಿದೆ. ಪುಲೆಂಗ್ ತಲೆಯಾಡಿಸಿದರು. ಹಮೀದ್ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಡುತ್ತ, ಬ್ಲೇಡಿನ ತುದಿಯಿಂದ ಒಂದು ಮೂಲೆಯನ್ನು ಎಬ್ಬಿಸಿ, ಮೀನಿನ ಚರ್ಮ ಸುಲಿದ ಹಾಗೆ ಸುಲಿಯುತ್ತ ಹೋದರು. ಮುಕ್ಕಾಲು ಗಂಟೆ ಹಿಡಿಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ. ಪುಲೆಂಗ್ ಕೌಂಟರಿಗೆ ಎರಡೂ ಕೈ ಊರಿ ಕಣ್ಣು ಮಿಟುಕಿಸದೆ ನಿಂತಿದ್ದರು. ಮೊಹರಿನ ಹತ್ತಿರ ಬಂದಾಗ ಹಮೀದ್ ‘ಬಿಸ್ಮಿಲ್ಲಾ’ ಎಂದರು. ಮೊಹರು ಉಳಿಯಿತು. ಸಹಿಯ ಬಾಲ ಮಾತ್ರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹೋಯಿತು. ಹಮೀದ್ ದುಡ್ಡು ತೆಗೆದುಕೊಳ್ಳಲಿಲ್ಲ.

ಆಮೇಲೆ ಪ್ರಿನ್ಸಿಪಾಲರನ್ನು ಕೇಳಿದೆ. ನಮ್ಮ ಪ್ರಿನ್ಸಿಪಾಲರು ಬೆಂಗಳೂರಿನವರು, ವಸುಧಾ ಮೇಡಂ. ನಾವಿಬ್ಬರೇ ಇದ್ದಾಗ ಕನ್ನಡ ಮಾತಾಡುತ್ತಿದ್ದರು. ‘ಪಟ್ಟಿಯಲ್ಲಿ ಸೌತ್ ಆಫ್ರಿಕಾ ಅಂತ ಹಾಕಿ, ಜೊತೆಗೆ ಒಂದು ಎಕ್ಸ್‌ಪ್ಲನೇಷನ್ ಲೆಟರ್ ಅಟ್ಯಾಚ್ ಮಾಡಿ. ಆ ಗವರ್ನಮೆಂಟ್ ಏನಾಯ್ತು, ಕಾಲೇಜ್ ಏನಾಯ್ತು ಅಂತ ಅವರ ಹತ್ರನೇ ಬರೆಸ್ಕೊಳ್ಳಿ’ ಎಂದರು.

ಹಾಗಾಗಿ ಆ ಎಪ್ರಿಲ್ ಕೊನೆಯ ಒಂದು ವಾರ, ಮಧ್ಯಾಹ್ನ ಮಕ್ಕಳ ಬಸ್ಸುಗಳು ಹೋದ ಮೇಲೆ, ಪುಲೆಂಗ್ ನನ್ನ ಆಫೀಸಿನ ಎದುರು ಕುರ್ಚಿಯಲ್ಲಿ ಕೂತು ಪತ್ರ ಬರೆದರು. ಕಂಪ್ಯೂಟರ್ ಕೊಡುತ್ತೇನೆಂದರೂ ಬೇಡವೆಂದು, ಗೆರೆ ಎಳೆದ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದರು. ಬರೆಯುವಾಗ ನಡುವೆ ನಿಲ್ಲಿಸಿ ನನಗೆ ಹೇಳುತ್ತಿದ್ದರು. ಮೊದಲ ದಿನ ಅವರು ಅಂದದ್ದು ಇಷ್ಟು: ವರ್ಣಭೇದದ ಕಾಲದಲ್ಲಿ ಬಿಳಿಯರ ಸರ್ಕಾರ ಕರಿಯರನ್ನು ಭಾಷೆಯ ಪ್ರಕಾರ ವಿಂಗಡಿಸಿ, ಒಂದೊಂದು ಭಾಷೆಯವರಿಗೆ ಒಂದೊಂದು ‘ತಾಯ್ನಾಡು’ ಎಂದು ದೇಶದ ಮೂಲೆಗಳನ್ನು ಹಂಚಿತು. ಸೆಸೊಥೊ ಮಾತಾಡುವವರಿಗೆ ಸಿಕ್ಕಿದ್ದು ಬೆಟ್ಟಗಳ ಸಂದಿಯಲ್ಲಿದ್ದ ಕ್ವಾಕ್ವಾ.

ನಾನು ಬುದ್ಧಿವಂತನ ಹಾಗೆ, ‘ನಮ್ಮಲ್ಲೂ ಭಾಷೆಗೊಂದು ರಾಜ್ಯ ಮಾಡಿದ್ದಾರೆ. ಕನ್ನಡದವರೆಲ್ಲ ಒಂದಾಗಬೇಕು ಅಂತ ನಮ್ಮ ಹಿರಿಯರು ಹೋರಾಡಿದರು’ ಎಂದೆ.

ಅವರು ಪೆನ್ನು ಕೆಳಗಿಟ್ಟರು. ‘ನಿಮ್ಮನ್ನು ಅಲ್ಲಿಗೆ ಲಾರಿಯಲ್ಲಿ ತುಂಬಿಕೊಂಡು ಹೋದರಾ?’

‘ಇಲ್ಲ.’

‘ಹಾಗಾದರೆ ಬೇರೆ’ ಎಂದು ಮತ್ತೆ ಬರೆಯತೊಡಗಿದರು.

ಅವರು ಹುಟ್ಟಿದ್ದು ಕ್ವಾಕ್ವಾದಲ್ಲಲ್ಲ. ಬಯಲಿನಲ್ಲಿ, ಒಬ್ಬ ಬಿಳಿಯ ಜಮೀನ್ದಾರನ ಜೋಳದ ಹೊಲದಲ್ಲಿ. ಅಜ್ಜನ ಕಾಲದಿಂದ ಅಲ್ಲೇ ದುಡಿದ ಕುಟುಂಬ. ಅಪ್ಪ ಏಳು ದನ ಮಾಡಿಕೊಂಡಿದ್ದರು. ಜಮೀನ್ದಾರ ಯಂತ್ರಗಳನ್ನು ತರಿಸಿದ ವರ್ಷ ಇವರು ಬೇಡವಾದರು. ಪುಲೆಂಗಿಗೆ ಆಗ ಹತ್ತು ವರ್ಷ. ಒಂದು ಬೆಳಿಗ್ಗೆ ಸರ್ಕಾರದ ಲಾರಿ ಬಂತು. ಹಾಸಿಗೆ, ಪಾತ್ರೆ, ಬಾಗಿಲು, ತಗಡು, ಒಂದು ಡ್ರಮ್ಮಿನಲ್ಲಿ ಕೋಳಿಗಳು. ದನಗಳನ್ನು ತರುವಂತಿಲ್ಲ, ಅಲ್ಲಿ ಮೇವಿಗೆ ಜಾಗವಿಲ್ಲ ಎಂದರು. ದಾರಿಬದಿಯಲ್ಲಿ ದಲ್ಲಾಳಿಗಳು ಕಾಯುತ್ತಲೇ ಇದ್ದರು. ಅಪ್ಪ ಏಳನ್ನೂ ಅವರಿಗೆ ಬಿಟ್ಟುಕೊಟ್ಟು ಲಾರಿ ಹತ್ತಿದರು.

‘ಇಳಿಸಿದ ಜಾಗದಲ್ಲಿ ನೆಲಕ್ಕೆ ಗೂಟ ಹೊಡೆದು ನಂಬರ್ ಬರೆದಿದ್ದರು. ಅದೇ ಮನೆ. ನಮ್ಮ ಮುಂದೆಯೂ ಲಾರಿ, ಹಿಂದೆಯೂ ಲಾರಿ. ಜೂನ್ ಅಂದರೆ ನಮಗೆ ಚಳಿಗಾಲ, ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಅಮ್ಮ ಬಾಗಿಲನ್ನು ಗಾಳಿಗೆ ಅಡ್ಡ ನಿಲ್ಲಿಸಿ ಅದರ ಹಿಂದೆ ನಮ್ಮನ್ನು ಮಲಗಿಸಿದರು. ಗೋಡೆ ಆಮೇಲೆ ಬಂತು.’

ಸ್ವಲ್ಪ ದಿನದಲ್ಲಿ ಅಪ್ಪನಿಗೆ ಸರ್ಕಾರದ ಹೊಸ ಗುರುತಿನ ಪುಸ್ತಕ ಬಂತು. ಅದರಲ್ಲಿ ಅವರು ಕ್ವಾಕ್ವಾದ ಪ್ರಜೆ ಎಂದಿತ್ತು. ಅದುವರೆಗೆ ಕಣ್ಣಿಂದಲೂ ನೋಡಿರದ ಜಾಗಕ್ಕೆ ಪ್ರಜೆಯಾಗಿ, ಹುಟ್ಟಿ ದುಡಿದ ಜಾಗಕ್ಕೆ ಪರದೇಶಿಯಾದರು. ಆ ಪುಸ್ತಕ ಹಿಡಿದು ಚಿನ್ನದ ಗಣಿಗೆ ಹೋದರು. ವರ್ಷದ ಕೆಲಸ, ವರ್ಷಕ್ಕೊಮ್ಮೆ ಊರು.

‘ಹೊಲದಲ್ಲಿದ್ದಾಗ ಅಪ್ಪನ ಪುಸ್ತಕ ಜಮೀನ್ದಾರನ ಪೆಟ್ಟಿಗೆಯಲ್ಲಿರುತ್ತಿತ್ತು’ ಎಂದು ನನ್ನ ಬೆನ್ನ ಹಿಂದಿನ ಬೀರುವನ್ನು ನೋಡುತ್ತ ಹೇಳಿದರು. ‘ಅವನೂ ಸುರಕ್ಷತೆಗಾಗಿ ಅಂತಲೇ ಹೇಳುತ್ತಿದ್ದ.’

ನಾನು ಮೇಜಿನ ಮೇಲಿದ್ದ ಬೀಗದ ಕೈಯನ್ನು ಡ್ರಾಯರಿನೊಳಗೆ ಹಾಕಿದೆ. ಅವರೂ ಅದನ್ನು ಬೆಳೆಸಲಿಲ್ಲ.

ಬೆಟ್ಟಗಳ ನಡುವಿನ ಆ ಅಂಗೈಯಗಲದ ಜಾಗಕ್ಕೆ ಬರಬರುತ್ತ ಸರ್ಕಾರ ಬಂತು, ಶಾಸನಸಭೆ ಬಂತು, ಮಂತ್ರಿಗಳಿಗೆ ಕಾರು ಬಂತು. ಹಸಿರು ಬಣ್ಣದ, ನಡುವೆ ಕುದುರೆಯಿದ್ದ ಬಾವುಟ ಬಂತು. ರಾಜಧಾನಿಗೆ ಫುತಾಡಿಚಾಬಾ ಎಂದು ಹೆಸರಿಟ್ಟರು. ಜನಾಂಗಗಳು ಸೇರುವ ಸ್ಥಳ ಎಂದು ಅರ್ಥವಂತೆ. ಪುಲೆಂಗ್ ಆ ಅರ್ಥ ಹೇಳಿ ನಕ್ಕರು, ಹಲ್ಲು ಕಾಣಿಸದ ನಗು. ಪೂರ್ತಿ ಸ್ವತಂತ್ರ ದೇಶವಾಗಿಬಿಡಿ ಎಂದು ಬಿಳಿಯರು ಹೇಳಿದಾಗ ಅಲ್ಲಿಯ ನಾಯಕರು ಒಪ್ಪಲಿಲ್ಲ. ಒಪ್ಪಿದ್ದರೆ ಆ ಜನ ಕಾಗದದ ಮೇಲೆ ಪೂರಾ ಹೊರಗಿನವರಾಗುತ್ತಿದ್ದರು. ಆ ಒಂದು ವಿಷಯಕ್ಕೆ ಮಾತ್ರ ಪುಲೆಂಗ್ ಅವರನ್ನು ಮೆಚ್ಚುತ್ತಿದ್ದರು. ಅಗ್ಗದ ಕೂಲಿ ಸಿಗುತ್ತದೆಂದು ಸರ್ಕಾರದ ಸಹಾಯಧನ ಪಡೆದು ಫ್ಯಾಕ್ಟರಿಗಳು ಬಂದವು. ಅಕ್ಕ ಹೊಲಿಗೆ ಫ್ಯಾಕ್ಟರಿಗೆ ಸೇರಿದಳು. ಪುಲೆಂಗ್ ಓದಿನಲ್ಲಿ ಮುಂದಿದ್ದರು. ಆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಆ ಸರ್ಕಾರದ ಶಿಕ್ಷಕರ ಕಾಲೇಜು ಸೇರಿದರು.

‘ನನ್ನಣ್ಣ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ. ಆಟಿಕೆ ಸರ್ಕಾರದ ಅನ್ನ ತಿಂತೀಯ ಅಂತ. ನಿಜ, ತಿಂದೆ. ಆ ಸುಳ್ಳು ಸರ್ಕಾರ ಇರದಿದ್ದರೆ ನಾನು ಅಕ್ಕನ ಪಕ್ಕದ ಮಶೀನಿನಲ್ಲಿ ಕೂತಿರುತ್ತಿದ್ದೆ. ಸರ್ಕಾರ ಸುಳ್ಳು. ನಾನು ಕಲಿತ ಗಣಿತ ಸುಳ್ಳಲ್ಲ.’

1994ರಲ್ಲಿ ವರ್ಣಭೇದ ಹೋಯಿತು. ಅಪ್ಪ ಆ ವೇಳೆಗೆ ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟು ತೀರಿಕೊಂಡಿದ್ದರು. ಅಮ್ಮ ಕಂಬಳಿ ಹೊದ್ದು ದಿನವಿಡೀ ಸಾಲಿನಲ್ಲಿ ನಿಂತು ವೋಟು ಹಾಕಿದರು. ಕ್ವಾಕ್ವಾ ಎಂಬ ಸರ್ಕಾರ ಅಳಿದು, ಆ ಜಾಗ ಸುತ್ತಲಿನ ಪ್ರಾಂತ್ಯದೊಳಗೆ ಸೇರಿಹೋಯಿತು. ಜನ ಬೀದಿಯಲ್ಲಿ ಕುಣಿದರು. ಆಮೇಲೆ ಸಹಾಯಧನ ನಿಂತು ಫ್ಯಾಕ್ಟರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಾಲೇಜೂ ಮುಚ್ಚಿತು. ಪುಲೆಂಗ್ ಏಜೆಂಟನೊಬ್ಬನ ಮೂಲಕ ಬಹರೇನಿಗೆ ಬಂದರು. ಅಮ್ಮ ಇನ್ನೂ ಅದೇ ನಂಬರಿನ ಜಾಗದಲ್ಲಿದ್ದರು.

ಪತ್ರ ನಾಲ್ಕು ಪುಟವಾಯಿತು. ನಾನು ಪೂರ್ತಿ ಓದಿ ಮುಗಿಸಿದೆ. ‘ಇದನ್ನೇ ಕಳಿಸುತ್ತೇನೆ’ ಎಂದೆ. ಹಾಗೆಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ವಸುಧಾ ಮೇಡಂ ನಾಲ್ಕು ಪುಟಗಳನ್ನು ತಿರುವಿಹಾಕಿದರು, ಓದಲಿಲ್ಲ. ‘ಅಯ್ಯೋ, ಇಷ್ಟುದ್ದ ಯಾರು ಓದ್ತಾರೆ? ಲೆಟರ್‌ಹೆಡ್ ನಮ್ದು. ಲಾರಿ, ದನ, ಪೊಲಿಟಿಕ್ಸ್ ಎಲ್ಲ ಯಾಕೆ? ಹಾಫ್ ಪೇಜ್ ಸಾಕು. ಅಪಾರ್ಥೈಡ್ ಅನ್ನೋ ವರ್ಡ್ ಬೇಡ. ನ್ಯೂಟ್ರಲ್ ಆಗಿ ಬರೀರಿ, ನಿಮಗೆ ಗೊತ್ತಲ್ಲ.’

ನನಗೆ ಗೊತ್ತಿತ್ತು. ಹಾಗೆ ಬರೆಯುವುದಕ್ಕೇ ನನಗೆ ಸಂಬಳ. ಮನೆಯಲ್ಲಿ ಹೆಂಡತಿ ಸುಜಾತಳಿಗೆ ಹೇಳಿದೆ. ಅವಳು ಮೀನು ತೊಳೆಯುತ್ತ, ‘ಅವರು ಹೇಳಿದಾಗೆ ಮಾಡಿ ಬಿಡಿ. ನಿಮಗೆ ಎಂತಕ್ಕೆ? ನಮ್ಮ ವೀಸಾ ಸಹ ಅವರ ಕೈಯಲ್ಲೇ ಉಂಟಲ್ಲ, ಮಗಳ ಫೀಸು ಸಹ ಅರ್ಧ ಮಾಡಿದ್ದಾರೆ’ ಎಂದಳು. ಅವಳ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಅವಳು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ.

ಮಾರನೆಯ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಬರೆದೆ. ‘ಆಡಳಿತಾತ್ಮಕ ಪುನರ್ವಿಂಗಡಣೆಯ ಕಾರಣ ಸದರಿ ಪ್ರದೇಶದ ಹೆಸರು ಬದಲಾಗಿರುತ್ತದೆ. ಆದ್ದರಿಂದ ಈ ಸರ್ಟಿಫಿಕೇಟನ್ನು ದಕ್ಷಿಣ ಆಫ್ರಿಕಾದ್ದೆಂದು ಪರಿಗಣಿಸಬೇಕಾಗಿ ಕೋರಿಕೆ.’ ಇಂಗ್ಲಿಷಿನಲ್ಲಿ ಅದು ಇನ್ನೂ ನಯವಾಗಿತ್ತು. ಮೇಡಂ ‘ಪರ್ಫೆಕ್ಟ್’ ಎಂದು ಸಹಿ ಹಾಕಿದರು. ಪುಲೆಂಗಿಗೆ ನಾನು ತೋರಿಸಲಿಲ್ಲ. ಪತ್ರ ಹೋಯಿತೇ ಎಂದು ಅವರು ಕೇಳಿದಾಗ ಹೋಯಿತು ಎಂದೆ.

ಮೇ ತಿಂಗಳು ಕಾಯುವುದರಲ್ಲಿ ಹೋಯಿತು. ಸೆಖೆ ಶುರುವಾಯಿತು. ಕಾರಿನ ಸ್ಟೇರಿಂಗಿಗೆ ಒದ್ದೆ ಬಟ್ಟೆ ಸುತ್ತಿ ಹಿಡಿಯುವ ಸೆಖೆ. ಏಸಿಯಿಂದ ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಮಂಜು. ಇದರ ಮಧ್ಯೆ ಊರಿಗೆಲ್ಲ ಫುಟ್‌ಬಾಲ್ ಹುಚ್ಚು. ಆ ಬಾರಿಯ ವಿಶ್ವಕಪ್ ದಕ್ಷಿಣ ಆಫ್ರಿಕಾದಲ್ಲಿ. ಮನಾಮದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ತುತ್ತೂರಿಗಳು ತುಂಬಿದ್ದವು. ಮಕ್ಕಳು ಶಾಲೆಯ ಬಸ್ಸಿನಲ್ಲೇ ಊದುತ್ತಿದ್ದರು. ಕಾರಿಡಾರಿನಲ್ಲಿ ಪುಲೆಂಗ್ ಕಂಡರೆ ‘ಮಿಸ್, ಯಾವ ಮ್ಯಾಚಿಗೆ ಹೋಗ್ತೀರಿ?’ ಎಂದು ಮುತ್ತಿಕೊಳ್ಳುತ್ತಿದ್ದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಶಾಲೆಗೆ ಅವರ ದೇಶ ನೆನಪಾಗಿತ್ತು. ವಸುಧಾ ಮೇಡಂ ವಿಶ್ವಕಪ್ಪಿನ ವಿಶೇಷ ಅಸೆಂಬ್ಲಿ ಇಟ್ಟುಕೊಂಡು, ಅದರಲ್ಲಿ ಪುಲೆಂಗ್ ದಕ್ಷಿಣ ಆಫ್ರಿಕಾದ ಬಾವುಟ ಹಿಡಿದು ಮುಂದೆ ನಡೆಯಬೇಕೆಂದು ತೀರ್ಮಾನಿಸಿದರು.

ಅಸೆಂಬ್ಲಿಗೆ ಎರಡು ದಿನ ಮುಂಚೆ ಕಂಪನಿಯ ಉತ್ತರ ಬಂತು. ಪ್ರದೇಶದ ಹೆಸರು ಬದಲಾಗಿದೆ ಎಂದು ಶಾಲೆ ತಿಳಿಸಿದೆ. ಹೆಸರು ಬದಲಾವಣೆಯ ಸರ್ಕಾರಿ ಆದೇಶವಾಗಲಿ, ಹೊಸ ಹೆಸರಿನ ಕಾಲೇಜಿನಿಂದ ಪತ್ರವಾಗಲಿ ಸಲ್ಲಿಕೆಯಾಗಿಲ್ಲ. ಅಂಥ ಹೆಸರಿನ ಕಾಲೇಜು ಈಗ ಕಂಡುಬರುವುದಿಲ್ಲ. ಸಹಿ ಅಪೂರ್ಣವಾಗಿದೆ. ಫಲಿತಾಂಶ: ದೃಢಪಡಿಸಲಾಗದು.

ಹೆಸರು ಬದಲಾದದ್ದೇ ಇಲ್ಲ. ಹಾಗೆಂದದ್ದು ನಾನು. ಇಲ್ಲದ ಆದೇಶವನ್ನು ಯಾರು ಎಲ್ಲಿಂದ ತರುವುದು? ಇನ್ನೂ ಒಂದು ಸಂಗತಿ ಇತ್ತು. ಪುಲೆಂಗ್ ತಮ್ಮ ಪತ್ರದ ಮೂರನೇ ಪುಟದ ಕೆಳಗೆ, ಕಾಲೇಜು ಮುಚ್ಚಿದಾಗ ಅದರ ದಾಖಲೆಗಳು ಪ್ರಾಂತ್ಯದ ರಾಜಧಾನಿಯ ಯಾವ ಕಚೇರಿಗೆ ಹೋದವು, ಅಲ್ಲಿ ಯಾವ ವಿಭಾಗವನ್ನು ಕೇಳಬೇಕು ಎಂದು ವಿವರವಾಗಿ ಬರೆದಿದ್ದರು. ನಾನು ಲಾರಿ, ದನ, ಹಿಮ ಎಲ್ಲ ಕತ್ತರಿಸುವ ಭರದಲ್ಲಿ ಅದನ್ನೂ ಕತ್ತರಿಸಿದ್ದೆ.

ಪುಲೆಂಗ್ ನನ್ನ ಮೇಜಿನ ಎದುರು ನಿಂತು ಉತ್ತರವನ್ನು ಓದಿದರು. ಕೆಳಗೆ ಲಗತ್ತಿಸಿದ್ದ ನನ್ನ ಅರ್ಧ ಪುಟವನ್ನೂ ಓದಿದರು. ಎರಡನೆಯ ಸಲ ಓದಿದರು.

‘ಆಡಳಿತಾತ್ಮಕ ಪುನರ್ವಿಂಗಡಣೆ’ ಎಂದರು, ಮಕ್ಕಳಿಗೆ ಡಿಕ್ಟೇಷನ್ ಕೊಡುವ ಹಾಗೆ ಬಿಡಿಸಿ. ‘ಇದು ನೀವು ಬರೆದದ್ದಾ?’

‘ಪ್ರಿನ್ಸಿಪಾಲರು ಚಿಕ್ಕದಾಗಿರಲಿ ಎಂದರು.’

‘ಚಿಕ್ಕದಾಗಿ ನಿಜವನ್ನೂ ಬರೆಯಬಹುದಿತ್ತು.’

ನಾನು ಆ ಹಾಳೆಗೆ ಕೈ ಚಾಚಿದೆ, ಅವರು ಕೊಡಲಿಲ್ಲ.

‘ನಮ್ಮನ್ನು ಲಾರಿಗೆ ತುಂಬಿದ ದಿನ ಆಫೀಸರನ ಕೈಯಲ್ಲೂ ಒಂದು ಹಾಳೆ ಇತ್ತು’ ಎಂದರು ಅವರು. ಧ್ವನಿ ಏರಲಿಲ್ಲ. ‘ಅದರಲ್ಲಿ ಪುನರ್ವಸತಿ ಅಂತ ಬರೆದಿತ್ತು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದರು. ನಿಮಗೆ ಓದು ಬರುತ್ತದೆ. ನನ್ನ ನಾಲ್ಕು ಪುಟವನ್ನೂ ನೀವು ಓದಿದಿರಿ.’

ಮತ್ತೊಮ್ಮೆ ಕಳಿಸೋಣ, ಪೂರ್ತಿ ಪತ್ರವನ್ನೇ ಕಳಿಸೋಣ ಎಂದೆ. ಇಬ್ಬರೂ ವಸುಧಾ ಮೇಡಂ ಕೋಣೆಗೆ ಹೋದೆವು. ಮೇಡಂ ಪುಲೆಂಗಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಬಹಳ ಸೌಮ್ಯವಾಗಿ ಮಾತಾಡಿದರು. ತಿಂಗಳ ಕೊನೆಗೆ ಮಾನ್ಯತೆಯ ಪಟ್ಟಿ ಹೋಗಬೇಕು, ಕಾಯುವುದಕ್ಕೆ ಸಮಯವಿಲ್ಲ. ಮುಂದಿನ ವರ್ಷದಿಂದ ಪುಲೆಂಗ್ ಅದೇ ಕ್ಲಾಸಿನಲ್ಲಿ ಸಹಾಯಕಿಯಾಗಿರಬಹುದು, ಸಹಾಯಕಿಗೆ ಸರ್ಟಿಫಿಕೇಟು ಬೇಡ, ಹೊಸದಾಗಿ ಬರುವ ಶಿಕ್ಷಕಿಗೆ ಅವರ ಅನುಭವ ಉಪಯೋಗವಾಗುತ್ತದೆ.

ಪುಲೆಂಗ್ ಚಹಾ ಮುಟ್ಟಲಿಲ್ಲ. ‘ನಾನು ಶಿಕ್ಷಕಿ’ ಎಂದರು. ‘ಜೂನ್ ಕೊನೆಗೆ ಹೊರಡುತ್ತೇನೆ.’

ಅವರು ಎದ್ದು ಹೋದ ಮೇಲೆ ಮೇಡಂ ನನಗೆ ಕನ್ನಡದಲ್ಲಿ, ‘ಪಾಪ. ಆದ್ರೆ ನೋಡಿ, ಜೆನ್ಯೂಯಿನ್ ಆಗಿದ್ರೆ ಎಲ್ಲಾದ್ರೂ ಒಂದು ರೆಕಾರ್ಡ್ ಇರ್ಬೇಕಿತ್ತಲ್ವಾ?’ ಎಂದರು. ರೆಕಾರ್ಡ್ ಎಲ್ಲಿದೆ ಎಂಬುದು ನನ್ನ ಡ್ರಾಯರಿನಲ್ಲಿತ್ತು, ನೀಲಿ ಪೆನ್ನಿನಲ್ಲಿ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಫೋನ್ ಮುಗಿಯುವವರೆಗೆ ಕಾಯಬಹುದಿತ್ತು. ನಾನು ಕಾಯಲಿಲ್ಲ.

ಇನ್ನು ಅಸೆಂಬ್ಲಿಗೆ ಪುಲೆಂಗ್ ಬರುವುದಿಲ್ಲ ಎಂದೇ ತಿಳಿದಿದ್ದೆ. ಗುರುವಾರ ಬೆಳಿಗ್ಗೆ ಅವರು ಎಲ್ಲರಿಗಿಂತ ಮೊದಲು ಬಂದು ನನ್ನ ಆಫೀಸಿನಿಂದ ಬಾವುಟ ಕೇಳಿದರು.

‘ನೀವು ಹಿಡಿಯಲೇಬೇಕೆಂದೇನೂ ಇಲ್ಲ. ಬೇರೆ ಯಾರಾದರೂ...’ ಎಂದೆ.

‘ಕುದುರೆಯ ಬಾವುಟಕ್ಕೆ ದಿನಾ ಬೆಳಿಗ್ಗೆ ಸಲಾಮು ಹೊಡೆದು ದೊಡ್ಡವಳಾದವಳು ನಾನು. ಈ ಬಾವುಟಕ್ಕೆ ಮೂವತ್ತು ವರ್ಷ ಕಾದಿದ್ದೇನೆ. ನಿಮ್ಮ ಶಾಲೆಗೋಸ್ಕರ ಇದನ್ನು ಬಿಡುವುದಿಲ್ಲ.’

ಅವತ್ತು ಸ್ವೆಟರ್ ಹಾಕಿರಲಿಲ್ಲ. ಸೆಖೆಯ ಅಂಗಳದಲ್ಲಿ, ಐನೂರು ಮಕ್ಕಳ ತುತ್ತೂರಿಯ ಗದ್ದಲದ ನಡುವೆ, ಆ ಎತ್ತರದ ಹೆಂಗಸು ನೆಟ್ಟಗೆ, ಯಾರನ್ನೂ ನೋಡದೆ, ಬಾವುಟ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದರು. ಮಕ್ಕಳು ಅವರ ಹೆಸರು ಕೂಗಿದರು. ವಸುಧಾ ಮೇಡಂ ಚಪ್ಪಾಳೆ ತಟ್ಟುತ್ತ ಫೋಟೋ ತೆಗೆಸಿದರು. ಆ ಫೋಟೋ ಶಾಲೆಯ ವಾರ್ಷಿಕ ಪುಸ್ತಕದ ಮುಖಪುಟಕ್ಕೆ ಬಂತು, ಅವರು ಹೋದ ಮೇಲೆ.

ಜೂನ್ ಕೊನೆಯ ದಿನ ಬೀರು ತೆಗೆದು ಅವರ ಪಾಸ್‌ಪೋರ್ಟ್ ಕೊಟ್ಟೆ. ರಸೀದಿಗೆ ಸಹಿ ಹಾಕಿದರು. ಏರ್‌ಪೋರ್ಟಿಗೆ ನಾನೇ ಬಿಡುತ್ತೇನೆಂದೆ, ಟ್ಯಾಕ್ಸಿ ಹೇಳಿದ್ದೇನೆ ಎಂದರು. ಏರ್‌ಪೋರ್ಟ್ ಇರುವ ಮುಹರ್ರಕ್‌ ಕಡೆಗೆ ಹೋಗುವ ಟ್ಯಾಕ್ಸಿ ಶಾಲೆಯ ಗೇಟಿನ ಮುಂದೆಯೇ ಬಂದು ನಿಂತಿತು. ಎರಡು ಸೂಟ್‌ಕೇಸು, ಒಂದು ಕೈಚೀಲ. ಶ್ರಾವ್ಯ ಅವರಿಗೆಂದು ಮಾಡಿದ ಕಾರ್ಡನ್ನು ಕೊಟ್ಟೆ. ತೆರೆದು ನೋಡಿ ಕೈಚೀಲದೊಳಗೆ ಇಟ್ಟುಕೊಂಡರು. ‘ಅವಳಿಗೆ ದಶಾಂಶ ಇನ್ನೂ ಸ್ವಲ್ಪ ಕಷ್ಟ. ಅವಸರ ಮಾಡಬೇಡಿ’ ಎಂದು ಕಾರು ಹತ್ತಿದರು. ನನ್ನ ಜೊತೆ ಅವರು ಆಡಿದ ಕೊನೆಯ ಮಾತು ಅದು.

ಜುಲೈ ಪೂರ್ತಿ ಶಾಲೆಗೆ ರಜೆ, ನನಗೆ ಇಲ್ಲ. ಮಕ್ಕಳಿಲ್ಲದ ಕಟ್ಟಡ, ಖಾಲಿ ಕ್ಲಾಸುಗಳು. ಹೊರಗೆ ಖರ್ಜೂರದ ಗೊನೆಗಳು ಕೆಂಪಾಗುತ್ತಿದ್ದವು. ಒಂದು ದಿನ ಡ್ರಾಯರಿನಿಂದ ಆ ನಾಲ್ಕು ಪುಟಗಳನ್ನು ತೆಗೆದು ಸ್ಕ್ಯಾನ್ ಮಾಡಿ, ಯಾರನ್ನೂ ಕೇಳದೆ ಕಂಪನಿಗೆ ಕಳಿಸಿದೆ. ಮೊದಲು ಕಳಿಸಿದ ವಿವರಣೆ ತಪ್ಪು, ಅದನ್ನು ಬರೆದವನು ನಾನು, ಇದು ಸರಿಯಾದದ್ದು ಎಂದು ಒಂದು ಸಾಲು ಸೇರಿಸಿದೆ. ಅಷ್ಟು ಸುಲಭವಾದ ಕೆಲಸಕ್ಕೆ ನನಗೆ ಮೂರು ತಿಂಗಳು ಬೇಕಾಗಿತ್ತು, ಮತ್ತು ಅದರಿಂದ ನನಗೆ ನಷ್ಟವಾಗದ ಸಮಯ ಬರಬೇಕಾಗಿತ್ತು.

ಹನ್ನೊಂದು ದಿನದಲ್ಲಿ ಉತ್ತರ ಬಂತು. ಪತ್ರದಲ್ಲಿ ಹೇಳಿದ ಕಚೇರಿಯಲ್ಲಿ, ಹೇಳಿದ ವಿಭಾಗದಲ್ಲಿಯೇ ದಾಖಲೆ ಸಿಕ್ಕಿದೆ. ಹೆಸರು, ವರ್ಷ, ಅಂಕ ಎಲ್ಲ ಸರಿಹೊಂದುತ್ತದೆ. ಫಲಿತಾಂಶ: ದೃಢಪಟ್ಟಿದೆ.

ವಸುಧಾ ಮೇಡಂ ರಜೆಯಿಂದ ಬಂದ ಮೇಲೆ ತೋರಿಸಿದೆ. ‘ಗುಡ್. ಫೈಲಿಗೆ ಹಾಕಿ. ಪೇರೆಂಟ್ಸ್‌ಗೆಲ್ಲ ಹೇಳೋಕೆ ಹೋಗ್ಬೇಡಿ, ಮತ್ತೆ ಯಾಕೆ ಕಳಿಸಿದ್ರಿ ಅಂತ ಕೇಳ್ತಾರೆ. ಹೊಸ ಟೀಚರ್ ಜಾಯಿನ್ ಆಗಿದ್ದಾರಲ್ಲ, ಖಲಾಸ್’ ಎಂದರು.

ಸೆಪ್ಟೆಂಬರಿನಲ್ಲಿ ಶಾಲೆ ತೆರೆದ ವಾರ ಶ್ರಾವ್ಯ ಊಟ ಮಾಡುತ್ತ, ‘ಪಪ್ಪಾ, ಮಿಸ್ ಪುಲೆಂಗ್ ಸರ್ಟಿಫಿಕೇಟ್ ಫೇಕ್ ಅಂತೆ. ಎವ್ರಿಬಡಿ ಈಸ್ ಸೇಯಿಂಗ್’ ಎಂದಳು.

‘ಅಲ್ಲ. ಸರಿಯಾದದ್ದೇ’ ಎಂದೆ.

‘ದೆನ್ ಯಾಕೆ ಹೋದ್ರು?’

ಸುಜಾತ ನನ್ನ ಮುಖ ನೋಡಿದಳು. ನಾನು ಅನ್ನ ಕಲಸುತ್ತ, ‘ಕಾಗದದಲ್ಲಿ ಏನೋ ತಪ್ಪಾಗಿತ್ತು’ ಎಂದೆ. ಯಾರ ಕಾಗದ ಎಂದು ಹುಡುಗಿ ಕೇಳಲಿಲ್ಲ. ನಾನು ಹೇಳಲಿಲ್ಲ.

ಅವತ್ತೇ ಪುಲೆಂಗಿಗೆ ಈಮೇಲ್ ಬರೆದೆ. ನಿಮ್ಮ ಸರ್ಟಿಫಿಕೇಟು ದೃಢಪಟ್ಟಿದೆ, ಪ್ರತಿಯನ್ನು ಲಗತ್ತಿಸಿದ್ದೇನೆ, ಬೇರೆ ಕಡೆ ಕೆಲಸಕ್ಕೆ ಬೇಕಾದರೆ ಉಪಯೋಗವಾಗುತ್ತದೆ ಎಂದೆಲ್ಲ. ಕ್ಷಮಿಸಿ ಎಂದು ಮೂರು ಸಲ ಬರೆದು, ಎರಡನ್ನು ಅಳಿಸಿ, ಒಂದನ್ನು ಉಳಿಸಿದೆ. ಮೂರು ವಾರ ಕಳೆದ ಮೇಲೆ ಉತ್ತರ ಬಂತು. ಅಮ್ಮನ ಜೊತೆ ಇದ್ದಾರೆ. ಅಲ್ಲಿ ಅವರ ಸರ್ಟಿಫಿಕೇಟನ್ನು ಯಾರೂ ಅನುಮಾನಿಸುವುದಿಲ್ಲ, ಹುದ್ದೆಗಳಿಲ್ಲ ಅಷ್ಟೇ. ಮನೆಯ ಹಿಂದೆ ತಗಡಿನ ಕೆಳಗೆ ಆರು ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಕೊನೆಯಲ್ಲಿ ಒಂದು ಪ್ರಶ್ನೆ: ಈ ಸಲ ಯಾವ ಪತ್ರ ಕಳಿಸಿದಿರಿ, ನನ್ನದೋ ನಿಮ್ಮದೋ?

ನಿಮ್ಮದು ಎಂದು ಬರೆದೆ.

ಅದಕ್ಕೆ ಅವರು ಉತ್ತರಿಸಲಿಲ್ಲ. ಆಮೇಲೆಯೂ ನಾಲ್ಕು ವರ್ಷ ನಾನು ಅದೇ ಮೇಜಿನಲ್ಲಿ ಕೂತು ಕಾಗದ ಬರೆದೆ. ಎಲ್ಲವೂ ಅರ್ಧ ಪುಟದವೇ.